ಬೆಲ್ಲ ಕೆಡಿಸಿದ ಕಣ್ಣು

"ಗುರುಗಳೇ, ಜನ ನಂಬಿದ್ದು ನಿಜವೋ ಬರಿಯ ಮೂಢನಂಬಿಕೆಯೋ ಎಂದು ತಿಳಿಯುವುದು ಹೇಗೆ?"

ಶಿಷ್ಯನ ಈ ಪ್ರಶ್ನೆಗೆ ಕಾರಣವಿತ್ತು. ಆ ಬೆಳಗ್ಗೆ ಮಠಕ್ಕೆ ಒಬ್ಬ ಗೃಹಸ್ಥ ಬಂದಿದ್ದ. ಹಲ್ಲಿ ನುಡಿದ ಮೇಲೆ ಮಗನಿಗೆ ಹೆಣ್ಣು ನೋಡಲು ಹೊರಡಬಹುದೇ ಎಂದು ಕೇಳಿದ್ದ. ಗುರುಗಳು ಸ್ನಾನಕ್ಕೆ ಹೋಗಿದ್ದರು. ಶಿಷ್ಯನಿಗೆ ಹೊರಡಿ ಎನ್ನಲೂ ಧೈರ್ಯ ಬರಲಿಲ್ಲ, ಬೇಡ ಎನ್ನಲೂ ಮನಸ್ಸು ಬರಲಿಲ್ಲ. ಬಂದವನು ಸ್ವಲ್ಪ ಹೊತ್ತು ಕಾದು ಎದ್ದುಹೋಗಿದ್ದ.

ಗುರುಗಳು ಚಾಪೆಯ ಮೇಲೆ ಕುಳಿತುಕೊಂಡರು. "ನೀನೂ ಕೂತುಕೋ" ಎಂದು ಹೇಳಿ ಈ ಕತೆ ಶುರುಮಾಡಿದರು.

ಕೆರೆಯ ಕೆಳಗೆ ಒಂದು ಊರು. ಆ ಊರಲ್ಲಿ ಹೊನ್ನೇಗೌಡ ಎಂಬ ರೈತನಿದ್ದ. ಅವನಿಗೆ ಕಬ್ಬಿನ ಗದ್ದೆ ಇತ್ತು, ಗದ್ದೆಯ ಬದಿಯಲ್ಲೇ ಸ್ವಂತ ಆಲೆಮನೆ ಇತ್ತು. ಕಬ್ಬು ಅರೆಯುವ ಕಾಲ ಬಂತೆಂದರೆ ಅವನಿಗೆ ಬೇರೆ ಯೋಚನೆಯೇ ಇಲ್ಲ. ಬೆಳಗ್ಗೆ ಕಬ್ಬು ಕಡಿಸಿ ಗಾಣಕ್ಕೆ ಕೊಡುವನು. ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹೊಯ್ದು ಒಲೆಯ ಮುಂದೆ ನಿಲ್ಲುವನು. ಪಾಕ ಹದಕ್ಕೆ ಬಂದಾಗ ಇಳಿಸಿ ಅಚ್ಚಿಗೆ ಹೊಯ್ಯುವನು. ಮರುದಿನ ಅಚ್ಚನ್ನು ತಟ್ಟಿದರೆ ಬೆಲ್ಲ ಕಲ್ಲಿನಂತೆ ಹೊರಗೆ ಬೀಳಬೇಕು. ಹೆಚ್ಚಿನ ದಿನ ಹಾಗೆಯೇ ಬೀಳುತ್ತಿತ್ತು. ಹೊನ್ನೇಗೌಡನ ಬೆಲ್ಲವೆಂದರೆ ಸುತ್ತಲಿನ ಸಂತೆಯಲ್ಲಿ ಜನ ಕೇಳಿ ಕೊಳ್ಳುತ್ತಿದ್ದರು.

ಕೆಲವು ದಿನ ಮಾತ್ರ ಹಾಗಾಗುತ್ತಿರಲಿಲ್ಲ. ಬೆಲ್ಲ ಜಿಗುಟಾಗಿ ಅಚ್ಚಿಗೆ ಅಂಟಿಕೊಳ್ಳುತ್ತಿತ್ತು. ಕೆರೆದು ತೆಗೆದರೆ ಮುದ್ದೆಯಾಗಿ ಕುಸಿಯುತ್ತಿತ್ತು. ಅದೇ ಒಲೆ, ಅದೇ ಕೈ, ಅದೇ ಗದ್ದೆಯ ಕಬ್ಬು. ಹೀಗೇಕೆ ಆಗುತ್ತದೆ ಎಂದು ಹೊನ್ನೇಗೌಡನಿಗೆ ಹೊಳೆಯಲಿಲ್ಲ. ಊರಿನವರಿಗೆ ಹೊಳೆಯಿತು. ಅವರು, "ಇದು ಸಣ್ಣೀರಮ್ಮನ ದೃಷ್ಟಿ" ಎಂದರು.

ಸಣ್ಣೀರಮ್ಮ ಅದೇ ಊರಿನ ಹೆಂಗಸು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಅವಳ ಎಡಗಣ್ಣಿಗೆ ಹೂ ಬಿದ್ದಿತ್ತು. ಕಪ್ಪು ಗುಡ್ಡೆಯ ಮೇಲೆ ಬಿಳಿಯ ಪೊರೆ. ಅವಳ ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ. ಹೊಲದ ಕೆಲಸವೆಲ್ಲ ಅವಳದೇ. ಅವಳ ಹೊಲ ಕಾಲುವೆಯ ತುದಿಯಲ್ಲಿ, ಹೊನ್ನೇಗೌಡನ ಗದ್ದೆಯ ಆಚೆಗೆ. ಅಲ್ಲಿಗೆ ಹೋಗುವ ಕಾಲುದಾರಿ ಆಲೆಮನೆಯ ಬಾಗಿಲ ಮುಂದೆಯೇ ಹಾದು, ಕಾಲುವೆಗೆ ಅಡ್ಡ ಹಾಕಿದ ಕಲ್ಲುಚಪ್ಪಡಿಯನ್ನು ದಾಟಿ ಹೋಗುತ್ತಿತ್ತು. ದಾಟುವಾಗ ಅವಳು ಒಂದು ಗಳಿಗೆ ನಿಂತು, "ಹಾಲು ಚೆನ್ನಾಗಿ ಕುದೀತಾ ಇದೆ ಗೌಡರೇ" ಎಂದು ಹೇಳಿ ಹೋಗುವಳು. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಬೆಲ್ಲ ಕೆಟ್ಟ ದಿನ ಅದೇ ಮಾತು ಹೊನ್ನೇಗೌಡನ ನೆನಪಿಗೆ ಬರುತ್ತಿತ್ತು.

ಆ ವರ್ಷ ಸಣ್ಣೀರಮ್ಮ ಮೊದಲ ಸಲ ಕಬ್ಬು ಹಾಕಿದ್ದಳು. ಬೆಳೆ ಚೆನ್ನಾಗಿ ಬಂದಿತ್ತು. ಆದರೆ ಅದನ್ನು ಅರೆದುಕೊಡಲು ಊರಿನ ಯಾವ ಆಲೆಮನೆಯವರೂ ಒಪ್ಪಲಿಲ್ಲ. ಹೊತ್ತು ಮೀರಿದರೆ ಕಬ್ಬು ತುದಿಯಲ್ಲಿ ಹೂವಾಗಿ ಸೂಲಂಗಿ ಬಿಡುತ್ತದೆ, ಒಳಗೆ ಬೆಂಡಾಗುತ್ತದೆ. ಅವಳು ಕೊನೆಗೆ ಹೊನ್ನೇಗೌಡನ ಹತ್ತಿರ ಬಂದಳು. ಅರಳಿಕಟ್ಟೆಯ ಮೇಲೆ ಊರಿನ ಹಿರಿಯರೂ ಕುಳಿತಿದ್ದರು. ಕಬ್ಬು ಅರೆಯುವ ಮಾತು ಹಾಗಿರಲಿ, ಆಲೆಮನೆಯ ಮುಂದಿನ ದಾರಿಗೇ ಮುಳ್ಳು ಹಾಕಬೇಕು ಎಂದು ಅವರು ಆಗಲೇ ಮಾತಾಡಿಕೊಂಡಿದ್ದರು. ದಾರಿ ಹೊನ್ನೇಗೌಡನ ಜಮೀನಿನಲ್ಲಿತ್ತು. ಅವನು ಹೂಂ ಎನ್ನುವುದೊಂದೇ ಬಾಕಿ.

ಹೊನ್ನೇಗೌಡ ಹೇಳಿದ, "ನೋಡಮ್ಮ, ನಿನ್ನ ಮೇಲೆ ನನಗೆ ದ್ವೇಷ ಇಲ್ಲ. ಯಾರೋ ಹೇಳಿದ್ದನ್ನ ಕೇಳಿ ನಾನು ಮಾತಾಡ್ತಾ ಇಲ್ಲ. ನೀನು ಬಂದು ಹೋದ ದಿನ ಬೆಲ್ಲ ಕೆಟ್ಟದ್ದನ್ನ ನನ್ನ ಕಣ್ಣಾರೆ ಕಂಡಿದ್ದೀನಿ."

ಸಣ್ಣೀರಮ್ಮ ಅಳಲಿಲ್ಲ, ಬೈಯಲಿಲ್ಲ. "ಕಂಡಿದ್ದೀರಿ, ಇಲ್ಲ ಅನ್ನಲ್ಲ" ಎಂದಳು. "ನಾನು ಬಂದೂ ಬೆಲ್ಲ ಕೆಡದೆ ಇದ್ದ ದಿನ ಎಷ್ಟು? ನಾನು ಬಾರದೆಯೂ ಕೆಟ್ಟ ದಿನ ಎಷ್ಟು? ಅದನ್ನೂ ಕಂಡಿದ್ದರೆ ಹೇಳಿ ಗೌಡರೇ. ಆಮೇಲೆ ಮುಳ್ಳು ಹಾಕಿ. ನಾನು ಕಬ್ಬಿಗೆ ಬೆಂಕಿ ಇಟ್ಟು, ಗಂಡನ್ನ ಗಾಡಿಯಲ್ಲಿ ಮಲಗಿಸಿಕೊಂಡು ಅಣ್ಣನ ಊರಿಗೆ ಹೋಗಿಬಿಡ್ತೀನಿ."

ಹೊನ್ನೇಗೌಡ ನೆನಪು ಮಾಡಿಕೊಂಡು ನೋಡಿದ. ಅವಳು ಬಂದು ಬೆಲ್ಲ ಕೆಟ್ಟ ದಿನಗಳು ಅವನ ಕಣ್ಣಿಗೆ ಕಟ್ಟಿದಂತಿದ್ದವು. ಉಳಿದ ದಿನಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಅವನು ಹಟದವನಾದರೂ ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವನಲ್ಲ.

"ಶಿವರಾತ್ರಿವರೆಗೆ ನೋಡ್ತೀನಿ. ಅಲ್ಲಿಯವರೆಗೆ ಯಾರೂ ಮುಳ್ಳು ಹಾಕಬೇಡಿ" ಎಂದ. ಹಿರಿಯರು ಗೊಣಗಿದರು. ಆದರೆ ಜಮೀನು ಅವನದು.

ಮನೆಗೆ ಬಂದು ಊಟಕ್ಕೆ ಕೂತ. ಹೆಂಡತಿ ಜವರಮ್ಮ ತಟ್ಟೆಗೆ ಮುದ್ದೆ ಇಟ್ಟು, "ನೋಡ್ತೀನಿ ಅಂದ್ರಂತೆ. ಏನನ್ನ ನೋಡ್ತೀರಿ?" ಎಂದು ಕೇಳಿದಳು.

"ಅವಳ ದೃಷ್ಟಿ ಬಿದ್ದ ದಿನ ಬೆಲ್ಲ ಕೆಡುತ್ತೋ ಇಲ್ಲವೋ ಅಂತ."

"ದೃಷ್ಟಿ ಬಿತ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಆ ಹೂ ಬಿದ್ದ ಕಣ್ಣಲ್ಲಿ ಕೊಪ್ಪರಿಗೆ ಕಡೆ ನೋಡಿದರೆ ಬಿದ್ದ ಹಾಗೆ."

"ಆ ಕಣ್ಣು ಕಾಣೋದೇ ಇಲ್ಲವಲ್ಲ" ಎಂದಳು ಜವರಮ್ಮ.

ಹೊನ್ನೇಗೌಡ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಅವಳು ಹೇಳಿದ್ದು ಸರಿ. ದೃಷ್ಟಿ ಎಂಬುದನ್ನು ಯಾರೂ ಕಂಡಿಲ್ಲ. ಅದು ಯಾವಾಗ ಹೊರಟಿತು, ಯಾವಾಗ ಬಂದು ತಾಗಿತು ಎಂದು ಹೇಳಲು ಬರುವುದಿಲ್ಲ. ಕಣ್ಣಿಗೆ ಕಾಣುವುದು ಒಂದೇ, ಸಣ್ಣೀರಮ್ಮ ಬಂದದ್ದು. ಅದಕ್ಕೂ ಒಂದು ಗೆರೆ ಬೇಕಿತ್ತು. ಮೊದಲೆಲ್ಲ ಬೆಲ್ಲ ಕೆಟ್ಟಿತೆಂದರೆ ಆಳುಗಳು ಅವಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ನಿನ್ನೆ ಸಂಜೆ ಕೆರೆಯ ಏರಿಯ ಮೇಲೆ ಕಂಡಳು ಎಂದು ಒಬ್ಬ, ಬೆಳಗ್ಗೆ ಅವಳು ಕೆಮ್ಮಿದ್ದು ಕೇಳಿಸಿತು ಎಂದು ಇನ್ನೊಬ್ಬ. ಹೀಗೆ ಹುಡುಕಿದರೆ ಸಣ್ಣೀರಮ್ಮ ಬಾರದ ದಿನವೇ ಇರುವುದಿಲ್ಲ.

ಅವನು ಆ ಗೆರೆ ಗಟ್ಟಿ ಮಾಡಿದ. ಒಲೆಗೆ ಬೆಂಕಿ ಹಾಕಿದ ಮೇಲೆ, ಪಾಕವನ್ನು ಅಚ್ಚಿಗೆ ಹೊಯ್ಯುವ ಮೊದಲು, ಅವಳು ಕಲ್ಲುಚಪ್ಪಡಿ ದಾಟಿದರೆ ಬಂದ ಹಾಗೆ. ದಾಟದಿದ್ದರೆ ಬಾರದ ಹಾಗೆ. ಏರಿಯ ಮೇಲೆ ಕಂಡದ್ದು, ಕೆಮ್ಮಿದ್ದು, ಯಾರದೋ ಕನಸಿನಲ್ಲಿ ಬಂದದ್ದು, ಯಾವುದೂ ಲೆಕ್ಕಕ್ಕಿಲ್ಲ.

ಜವರಮ್ಮ ಬಿಡಲಿಲ್ಲ. "ಬೆಲ್ಲ ಕೆಡೋದು ಅಂದರೆ ಯಾವುದು? ಮೊನ್ನೆ ಬಣ್ಣ ಕಪ್ಪಾಯ್ತು, ಕೆಟ್ಟಿತು ಅಂದ್ರಿ. ಅದಕ್ಕೆ ಹಿಂದಿನ ವಾರ ಅಷ್ಟೇ ಕಪ್ಪಾಗಿತ್ತು, ಒಲೆ ಜಾಸ್ತಿಯಾಯ್ತು ಅಂದ್ರಿ."

ಅದೂ ನಿಜವೇ. ಸಣ್ಣೀರಮ್ಮ ಬಂದ ದಿನ ಬೆಲ್ಲ ಸ್ವಲ್ಪ ಮೆತ್ತಗಿದ್ದರೂ ಅವನ ಬಾಯಲ್ಲಿ ಕೆಟ್ಟಿತು ಎಂದು ಬರುತ್ತಿತ್ತು. ಬಾರದ ದಿನ ಅದೇ ಬೆಲ್ಲ ನಾಳೆಗೆ ಗಟ್ಟಿಯಾಗುತ್ತದೆ ಎಂದು ಬರುತ್ತಿತ್ತು. ಒಂದೇ ಬೆಲ್ಲಕ್ಕೆ ಎರಡು ಹೆಸರು. ಇದನ್ನು ಒಪ್ಪಿಕೊಳ್ಳುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಒಪ್ಪಿಕೊಂಡ.

ಬಣ್ಣವನ್ನೂ ರುಚಿಯನ್ನೂ ಬಿಟ್ಟುಬಿಟ್ಟ. ದಿನದ ಬೆಲ್ಲದಿಂದ ಒಂದು ಅಚ್ಚನ್ನು ಎತ್ತಿಡುವುದು. ಮರುದಿನ ಬೆಳಗ್ಗೆ ಅದರ ಮೇಲೆ ರುಬ್ಬುವ ಗುಂಡುಕಲ್ಲನ್ನು ಇಡುವುದು. ಒಂದು ಎಲೆಯಡಿಕೆ ಹಾಕಿ ಮುಗಿಸುವವರೆಗೆ ಬಿಡುವುದು. ಕಲ್ಲು ತೆಗೆದಾಗ ಬೆಲ್ಲದಲ್ಲಿ ಗುಳಿ ಬಿದ್ದಿದ್ದರೆ ಕೆಟ್ಟ ಹಾಗೆ. ಬೀಳದಿದ್ದರೆ ಕೆಡದ ಹಾಗೆ. ಎಲ್ಲ ದಿನಕ್ಕೂ ಅದೇ ಕಲ್ಲು.

"ಕಲ್ಲು ಇಡೋದು ಯಾರು?" ಎಂದಳು ಜವರಮ್ಮ. "ನೀವು ಇಟ್ಟರೆ ಗುಳಿ ಬೀಳಲಿ ಅಂತ ಅಮುಕಿ ಇಡ್ತೀರಿ. ನಾನು ಇಟ್ಟರೆ ಬೀಳದೆ ಇರಲಿ ಅಂತ ಮೆಲ್ಲಗೆ ಇಡ್ತೀನಿ. ನನಗೆ ಸಣ್ಣೀರಕ್ಕನ ಮೇಲೆ ಕನಿಕರ ಇದೆ."

ಇಬ್ಬರೂ ಮೂಲೆಯಲ್ಲಿ ಕುಳಿತಿದ್ದ ಮುದುಕಿಯ ಕಡೆ ತಿರುಗಿದರು. ಹೊನ್ನೇಗೌಡನ ತಾಯಿ ಕೆಂಪವ್ವ. ಮಂಡಿನೋವಿನಿಂದ ಹೊಸ್ತಿಲು ದಾಟುತ್ತಿರಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ದೃಷ್ಟಿಯನ್ನು ನಂಬುವವಳು ಅವಳೇ. ಆದರೆ ಆಲೆಮನೆಯ ದಾರಿಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಅವಳಿಗೆ ತಿಳಿಯುವ ಹಾಗಿರಲಿಲ್ಲ. ತಿಳಿಯದಿದ್ದ ಮೇಲೆ ಅವಳ ನಂಬಿಕೆ ಕಲ್ಲನ್ನು ಅಮುಕುವುದೂ ಇಲ್ಲ, ಎತ್ತುವುದೂ ಇಲ್ಲ. ಅವಳಿಗೆ ಯಾರೂ ಏನೂ ಹೇಳಕೂಡದು ಎಂದು ಮನೆಯಲ್ಲಿ ಮಾತಾಯಿತು.

"ಎಲೆಯಡಿಕೆ ಯಾರ ಲೆಕ್ಕದಲ್ಲಿ?" ಎಂದು ಮುದುಕಿ ಕೇಳಿದಳು. ಮಗನ ಲೆಕ್ಕದಲ್ಲಿ ಎಂದ ಮೇಲೆ ಸಂತೋಷವಾಗಿ ಒಪ್ಪಿದಳು.

ಹೊನ್ನೇಗೌಡ ಎರಡು ಕುಡಿಕೆ ತಂದ. ಒಂದು ಗಟ್ಟಿಬೆಲ್ಲದ್ದು, ಇನ್ನೊಂದು ಮೆತ್ತನೆಯದ್ದು. ಸಣ್ಣೀರಮ್ಮ ಬಂದ ದಿನ ಪಾಕ ಇಳಿಸಿದ ಕೂಡಲೇ ಪಂಚೆಯ ತುದಿಗೆ ಒಂದು ಅವರೆಕಾಳು ಗಂಟು ಹಾಕುವನು. ಬಾರದ ದಿನ ಹುಣಸೆಬೀಜ. ಗಂಟು ಹಾಕುವಾಗ ಬೆಲ್ಲ ಏನಾಗುವುದೆಂದು ಅವನಿಗಿನ್ನೂ ತಿಳಿದಿರುತ್ತಿರಲಿಲ್ಲ. ಮರುದಿನ ತಾಯಿ ಗಟ್ಟಿ ಎಂದರೆ ಕಾಳನ್ನು ಗಟ್ಟಿಯ ಕುಡಿಕೆಗೆ ಹಾಕುವನು, ಮೆತ್ತಗೆ ಎಂದರೆ ಇನ್ನೊಂದಕ್ಕೆ. ಒಮ್ಮೆ ಹಾಕಿದ ಗಂಟನ್ನು ತಾಯಿಯ ಮಾತು ಕೇಳುವವರೆಗೆ ಬಿಚ್ಚುವ ಹಾಗಿಲ್ಲ.

ಕೇಳುವುದಕ್ಕೆ ಇದು ಸುಲಭ. ಮಾಡುವಾಗ ಹೊನ್ನೇಗೌಡ ಬೆವತ.

ಒಂದು ದಿನ ಸಣ್ಣೀರಮ್ಮ ಬರಲಿಲ್ಲ. ಅವನು ಹುಣಸೆಬೀಜ ಗಂಟು ಹಾಕಿದ. ಸಂಜೆಯೇ ಅಚ್ಚಿನಲ್ಲಿ ಬೆಲ್ಲ ಜಿಗುಟಾಗಿ ಕಾಣಿಸಿತು. ಒಬ್ಬ ಆಳು, "ಮಧ್ಯಾಹ್ನ ಅವಳು ಆಚೆ ಬದುವಿನ ಮೇಲೆ ನಿಂತಿದ್ದಳು, ನಾನು ನೋಡಿದೆ" ಎಂದ. ಹೊನ್ನೇಗೌಡನ ಕೈ ತಾನಾಗಿಯೇ ಪಂಚೆಯ ಗಂಟಿಗೆ ಹೋಯಿತು. ಬೀಜ ತೆಗೆದು ಅವರೆಕಾಳು ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅವಳು ಹತ್ತಿರವೇ ಇದ್ದಳಲ್ಲ, ಅದು ಬಂದ ಹಾಗೆಯೇ ಅಲ್ಲವೇ ಎಂದು ಮನಸ್ಸು ಒಳಗಿನಿಂದ ಕುಟುಕಿತು. ಅವನು ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದ. ಮರುದಿನ ಹುಣಸೆಬೀಜವೇ ಮೆತ್ತನೆಯ ಕುಡಿಕೆಗೆ ಬಿತ್ತು.

ಇನ್ನೊಂದು ದಿನ ಅವಳು ಚಪ್ಪಡಿಯ ಮೇಲೆ ನಿಂತು ತುಂಬ ಹೊತ್ತು ಮಾತಾಡಿ ಹೋದಳು. ಆ ದಿನದ ಬೆಲ್ಲ ಮಂಕಾಗಿತ್ತು, ಅಂಚು ಒಡೆದಿತ್ತು. ಇದು ಕೆಟ್ಟದ್ದೇ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟ. ಮರುದಿನ ತಾಯಿ ಎಲೆಯಡಿಕೆ ಉಗಿದು, ಕಲ್ಲು ತೆಗೆದು, ಬೆರಳಿನಿಂದ ಸವರಿ, "ಗಟ್ಟಿ" ಎಂದಳು. ಅವನಿಗೆ ಸಿಟ್ಟು ಬಂತು. "ಸರಿಯಾಗಿ ನೋಡವ್ವ" ಎಂದ. "ನಾನು ನೋಡಬೇಕಾದ್ದು ಗುಳಿಯನ್ನ ಅಲ್ಲವೇನೋ? ಗುಳಿ ಇಲ್ಲ" ಎಂದಳು ತಾಯಿ. ಅವನು ತೆಪ್ಪಗೆ ಅವರೆಕಾಳನ್ನು ಗಟ್ಟಿಯ ಕುಡಿಕೆಗೆ ಹಾಕಿದ. ಬೆಲ್ಲ ಕೆಡಲಿಲ್ಲ ಎಂದು ತನಗೇಕೆ ಸಿಟ್ಟು ಬರಬೇಕು ಎಂದು ಆಲೆಮನೆಗೆ ಹೋಗುವ ದಾರಿಯುದ್ದಕ್ಕೂ ನಾಚಿಕೆಪಟ್ಟ.

ಶಿವರಾತ್ರಿ ಬಂತು. ಮರುದಿನ ಅರಳಿಕಟ್ಟೆಯ ಮೇಲೆ ಜನ ಸೇರಿದರು. ಸಣ್ಣೀರಮ್ಮನೂ ಬಂದು ಕಟ್ಟೆಯ ಕೆಳಗೆ ನಿಂತಳು. ಹೊನ್ನೇಗೌಡ ಚಾಪೆ ಹಾಸಿ ಎರಡು ಕುಡಿಕೆಯನ್ನೂ ಬೇರೆಬೇರೆಯಾಗಿ ಸುರಿದ.

ಮೆತ್ತನೆಯ ಕುಡಿಕೆಯಿಂದ ಬಿದ್ದದ್ದು ಬಹುಪಾಲು ಅವರೆಕಾಳು. ನಡುವೆ ಅಲ್ಲೊಂದು ಇಲ್ಲೊಂದು ಹುಣಸೆಬೀಜ. ಗಟ್ಟಿಯ ಕುಡಿಕೆಯಿಂದ ಬಿದ್ದದ್ದು ಬಹುಪಾಲು ಹುಣಸೆಬೀಜ. ಅದರಲ್ಲಿ ಕೆಲವೇ ಅವರೆಕಾಳು.

ಅಂದರೆ ಸಣ್ಣೀರಮ್ಮ ಬಂದ ದಿನಗಳಲ್ಲಿ ಹೆಚ್ಚಿನವು ಬೆಲ್ಲ ಕೆಟ್ಟ ದಿನಗಳು. ಬಾರದ ದಿನಗಳಲ್ಲಿ ಹೆಚ್ಚಿನವು ಬೆಲ್ಲ ಕೆಡದ ದಿನಗಳು. ಊರು ಹೇಳಿದ್ದು ಸುಳ್ಳಾಗಲಿಲ್ಲ.

"ಕಂಡಿರಾ! ಇನ್ನೇನು ಬೇಕು?" ಎಂದು ಹಿರಿಯರು ಎದ್ದರು. ಮುಳ್ಳು ತರಲು ಇಬ್ಬರು ಹೊರಟೇಬಿಟ್ಟರು.

ಹೊನ್ನೇಗೌಡನಿಗೆ ಗೆದ್ದ ಸಂತೋಷವಾಗಲಿಲ್ಲ. ಅವನು ಸಣ್ಣೀರಮ್ಮನ ಕಡೆ ನೋಡಿದ. ಅವಳು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದ. ಅವಳು ಚಾಪೆಯ ಮೇಲಿನ ಕಾಳುಗಳನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೈಯೆತ್ತಿ ಎಡಗಣ್ಣನ್ನು ಮುಚ್ಚಿಕೊಂಡಳು. "ಹಾಗಾದರೆ ನನ್ನ ಕಣ್ಣೇ ಹೀಗಾ? ನನಗೆ ಗೊತ್ತಿರಲಿಲ್ಲ ಗೌಡರೇ" ಎಂದಳು. ಇಷ್ಟು ವರ್ಷ ಊರು ಹೇಳಿದ್ದನ್ನು ನಂಬದ ಹೆಂಗಸು ಈಗ ಅವನ ಕಾಳುಗಳನ್ನು ನಂಬಿದ್ದಳು.

ಆ ಕೈಯನ್ನು ನೋಡಲು ಹೊನ್ನೇಗೌಡನಿಂದ ಆಗಲಿಲ್ಲ. ಅವನು ಚಾಪೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕಾಳುಗಳನ್ನು ಮತ್ತೆ ನೋಡಿದ. ಅವರೆಕಾಳು ಮತ್ತು ಮೆತ್ತನೆಯ ಬೆಲ್ಲ ಜೊತೆಜೊತೆಗೆ ಬಂದಿವೆ. ಅಷ್ಟು ನಿಜ. ಆದರೆ ಜೊತೆಗೆ ಬಂದ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನನ್ನು ಕೈಹಿಡಿದು ಕರೆತಂದಿದ್ದಾನೆ ಎಂದು ಹೇಗೆ ಹೇಳುವುದು? ಇಬ್ಬರನ್ನೂ ಮೂರನೆಯವನೊಬ್ಬ ಕಳಿಸಿರಬಹುದಲ್ಲ?

ಅವನ ಕಣ್ಣು ಸಾಲಿಗೆ ಸೇರದ ಕಾಳುಗಳ ಮೇಲೆ ನಿಂತಿತು. ಗಟ್ಟಿಯ ರಾಶಿಯಲ್ಲಿದ್ದ ಆ ಕೆಲವು ಅವರೆಕಾಳು. ಮೆತ್ತನೆಯ ರಾಶಿಯಲ್ಲಿದ್ದ ಆ ಹುಣಸೆಬೀಜಗಳು. ಅವಳ ಕಣ್ಣೇ ಕೆಡಿಸುವುದಾದರೆ ಈ ದಿನಗಳಲ್ಲಿ ಆದದ್ದೇನು?

"ಸಣ್ಣೀರಮ್ಮ, ನೀನು ದಿನಾ ಹೊಲಕ್ಕೆ ಬರಲ್ಲವಲ್ಲ. ಯಾವ ದಿನ ಬರ್ತೀಯ?" ಎಂದು ಕೇಳಿದ.

"ನೀರು ಬಂದ ದಿನ. ಕೆರೆಯ ತೂಬು ತೆಗೆದರೆ ಮೊದಲು ಮೇಲಿನವರ ಗದ್ದೆಗೆ, ಆಮೇಲೆ ನಿಮ್ಮ ಗದ್ದೆ ಪಕ್ಕ ಹಾದು, ಎಲ್ಲರದ್ದೂ ಆದ ಮೇಲೆ ನನ್ನ ಹೊಲಕ್ಕೆ. ನೀರು ತುದಿ ಮುಟ್ಟಿತು ಅಂತ ತಿಳಿದರೆ ಗುದ್ದಲಿ ತಗೊಂಡು ಬರ್ತೀನಿ. ನೀರಿಲ್ಲದ ದಿನ ಬಂದು ಏನು ಮಾಡಲಿ?"

"ನೀರು ಬಂದೂ ನೀನು ಬಾರದ ದಿನ ಇತ್ತಾ?"

"ಮನೆಯವರಿಗೆ ಜ್ವರ ಬಂದಾಗ ಬರಲಿಲ್ಲ."

ಹೊನ್ನೇಗೌಡ ಎದ್ದ. ಮುಳ್ಳು ತರಲು ಹೊರಟಿದ್ದವರನ್ನು ಕೂಗಿ ನಿಲ್ಲಿಸಿದ. ಪಂಚೆ ಎತ್ತಿಕಟ್ಟಿ ನೇರ ಗದ್ದೆಗೆ ಹೋದ. ಕಡಿಯುವ ಕಬ್ಬಿಗೆ ನೀರು ಹೋಗಬಾರದೆಂದು ಅವನಿಗೆ ಗೊತ್ತಿತ್ತು. ಹಾಲು ತೆಳ್ಳಗಾಗುತ್ತದೆ, ಎಷ್ಟು ಕುದಿಸಿದರೂ ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಅದಕ್ಕೇ ಅವನು ಕಬ್ಬು ಬಲಿತ ಮೇಲೆ ಗದ್ದೆಯ ಮಡೆ ಕಟ್ಟಿಸಿ ನೀರು ನಿಲ್ಲಿಸಿದ್ದ. ನಿಲ್ಲಿಸಿದ ಮೇಲೆ ಗದ್ದೆ ಒಣಗಿಯೇ ಇರುತ್ತದೆ ಎಂದು ತಿಳಿದಿದ್ದ. ಬಗ್ಗಿ ನೋಡಿರಲಿಲ್ಲ. ಬೆಲ್ಲದ ಕಾಲದಲ್ಲಿ ಅವನು ಒಲೆ ಬಿಟ್ಟು ಕದಲುತ್ತಿರಲಿಲ್ಲ, ಕಡಿಯುವ ಆಳುಗಳಿಗೆ ಕಾಲಡಿ ಒದ್ದೆಯಾದರೇನು, ಒಣಗಿದ್ದರೇನು.

ಆ ದಿನವೂ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಅವನು ಕಾಲುವೆಯ ಪಕ್ಕದ ಗದ್ದೆಗೆ ಇಳಿದ. ಕಬ್ಬಿನ ಸಾಲಿನೊಳಗೆ ನಾಲ್ಕು ಹೆಜ್ಜೆ ಇಟ್ಟ. ಕಾಲು ಪಾದದವರೆಗೆ ಹೂತಿತು.

ಬಗ್ಗಿ, ಒಣಗಿದ ಗರಿ ಸರಿಸುತ್ತ, ನೀರಿನ ಜಾಡು ಹಿಡಿದು ಬದುವಿನ ತನಕ ಹೋದ. ಬದುವಿನ ಬುಡದಲ್ಲಿ ಏಡಿ ಕೊರೆದ ಬಿಲವಿತ್ತು. ಕಾಲುವೆ ತುಂಬಿದಾಗ ಅದರೊಳಗಿಂದ ನೀರು ಸದ್ದಿಲ್ಲದೆ ಗದ್ದೆಗೆ ನುಗ್ಗುತ್ತಿತ್ತು. ಕಾಲುವೆ ಬತ್ತಿದಾಗ ನಿಲ್ಲುತ್ತಿತ್ತು. ನೀರು ತುದಿ ಮುಟ್ಟಿ ಸಣ್ಣೀರಮ್ಮ ಗುದ್ದಲಿ ಹಿಡಿದು ಹೊರಡುವ ಹೊತ್ತಿಗೆ ಅವನ ಕಬ್ಬು ಹೊಟ್ಟೆ ತುಂಬ ನೀರು ಕುಡಿದು ನಿಂತಿರುತ್ತಿತ್ತು. ಅವಳು ಬಂದೂ ಬೆಲ್ಲ ಗಟ್ಟಿಯಾದ ದಿನಗಳಲ್ಲಿ ಕಬ್ಬು ಕಡಿದದ್ದು ನೀರು ಏರದ ದಿಬ್ಬದ ಮೇಲಿನ ತಾಕಿನಲ್ಲಿ ಎಂದು ಆಳುಗಳು ನೆನಪು ಮಾಡಿಕೊಂಡು ಹೇಳಿದರು.

ಹೊನ್ನೇಗೌಡ ಬದುವಿನ ಮೇಲೆ ಕುಳಿತು ಒಬ್ಬನೇ ನಕ್ಕ. ಏಡಿಯ ಬಿಲ ಕಂಡಿತು, ಮೆತ್ತನೆಯ ಬೆಲ್ಲವೂ ಕಂಡಿತ್ತು. ಈಗ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ ಊರ ಮುಂದೆ ಹಿಡಿಯಲು ಮನಸ್ಸು ತವಕಪಡುತ್ತಿತ್ತು. ಸಣ್ಣೀರಮ್ಮನ ಕಣ್ಣಿನ ವಿಷಯದಲ್ಲೂ ಅದು ಹೀಗೆಯೇ ತವಕಪಟ್ಟಿತ್ತು.

ಅವನು ಜೇಡಿಮಣ್ಣು ಕಲಸಿ ಬಿಲವನ್ನು ಮುಚ್ಚಿದ. ಮೇಲೆ ಕಲ್ಲು ಜಡಿದ. ಕಟ್ಟೆಗೆ ಹಿಂದಿರುಗಿ, ಗದ್ದೆ ಆರಲಿ, ಇನ್ನೊಂದು ಸಲ ತೂಬು ತೆಗೆದು ಮುಚ್ಚುವವರೆಗೆ ಕಾಯಿರಿ ಎಂದ. ಯಾಕೆ ಎಂದು ಕೇಳಿದವರಿಗೆ ಬಿಲದ ವಿಷಯ ಹೇಳಿದ. ಸಣ್ಣೀರಮ್ಮನಿಗೆ ಮಾತ್ರ ಪ್ರತ್ಯೇಕವಾಗಿ ಹೇಳಿದ, "ನೀನು ಎಂದಿನ ಹಾಗೆ ಬಾರಮ್ಮ. ಚಪ್ಪಡಿಯ ಮೇಲೆ ನಿಲ್ಲು. ಕೊಪ್ಪರಿಗೆ ಕಡೆ ನೋಡು. ಎರಡು ಕಣ್ಣಲ್ಲೂ ನೋಡು."

ಅವಳು ಬಂದಳು. ಮೊದಲ ದಿನ ಸೆರಗನ್ನು ಮುಖಕ್ಕೆ ಎಳೆದುಕೊಂಡೇ ದಾಟಿದಳು. ಹೊನ್ನೇಗೌಡ ಕೂಗಿ ನಿಲ್ಲಿಸಿ, "ಹಾಲು ಕುದೀತಾ ಇದೆಯಾ ನೋಡಿ ಹೇಳು" ಎಂದ. ಅವಳು ಸೆರಗು ಸರಿಸಿ ನೋಡಿದಳು. "ಕುದೀತಾ ಇದೆ" ಎಂದಳು.

ಮತ್ತೆ ಗಂಟು, ಮತ್ತೆ ಗುಂಡುಕಲ್ಲು, ಮತ್ತೆ ಮುದುಕಿಯ ಎಲೆಯಡಿಕೆ. ಸಣ್ಣೀರಮ್ಮ ಬಂದ ದಿನವೂ ಗಟ್ಟಿ, ಬಾರದ ದಿನವೂ ಗಟ್ಟಿ. ಅವರೆಕಾಳು, ಹುಣಸೆಬೀಜ ಎರಡೂ ಒಂದೇ ಕುಡಿಕೆಗೆ ಬೀಳುತ್ತ ಹೋದವು. ನಡುವೆ ಒಂದೇ ಒಂದು ಹುಣಸೆಬೀಜ ಮೆತ್ತನೆಯ ಕುಡಿಕೆಗೆ ಬಿತ್ತು. ಅದು ಯಾಕೆ ಎಂದು ಜನ ಕೇಳಿದರು. "ಗೊತ್ತಿಲ್ಲ" ಎಂದ ಹೊನ್ನೇಗೌಡ. ಹಾಗೆ ಹೇಳುವುದು ಈಗ ಅವನಿಗೆ ಕಷ್ಟವಾಗಲಿಲ್ಲ.

ದಾರಿಗೆ ಮುಳ್ಳು ಬೀಳಲಿಲ್ಲ. ಸಣ್ಣೀರಮ್ಮನ ಕಬ್ಬಿನಲ್ಲಿ ಅಲ್ಲಲ್ಲಿ ಸೂಲಂಗಿ ಇಣುಕುತ್ತಿತ್ತು, ಆದರೆ ಒಳಗೆ ಇನ್ನೂ ಬೆಂಡಾಗಿರಲಿಲ್ಲ. ನೆಲ ಚೆನ್ನಾಗಿ ಆರಿದ ಮೇಲೆ ಹೊನ್ನೇಗೌಡ ತಾನೇ ಆಳುಗಳನ್ನು ಕಳಿಸಿ ಕಡಿಸಿದ. ಗಾಣ ತಿರುಗಿತು. ಕೊಪ್ಪರಿಗೆ ತುಂಬಿತು. ಉದ್ದ ಹಿಡಿಯ ಸೌಟನ್ನು ಸಣ್ಣೀರಮ್ಮನ ಕೈಗೇ ಕೊಟ್ಟ. ಅವಳು ಬೆಂಕಿಯ ಕಾವಿಗೆ ಮುಖ ಕೆಂಪಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುದಿಯುವ ಹಾಲಿನೊಳಗೆ ನೋಡುತ್ತ ಕೈಯಾಡಿಸಿದಳು. ಅವಳ ಗಂಡನನ್ನು ಗಾಡಿಯಲ್ಲಿ ಕರೆತಂದು ಆಲೆಮನೆಯ ನೆರಳಲ್ಲಿ ಕೂರಿಸಿದ್ದರು. ಅವನು ಬಿಸಿಬೆಲ್ಲವನ್ನು ಕಬ್ಬಿನ ಸಿಪ್ಪೆಯಲ್ಲಿ ತೆಗೆದುಕೊಂಡು ಊದಿ ಊದಿ ತಿಂದ. ಬಹಳ ದಿನಗಳ ಮೇಲೆ ಮನೆಯಿಂದ ಹೊರಗೆ ಬಂದಿದ್ದ. ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸಿದ.

ಮರುದಿನ ಎಂದಿನಂತೆ ಒಂದು ಅಚ್ಚು ಮುದುಕಿಯ ಮುಂದೆ ಬಂತು. ಅವಳು ಕಲ್ಲಿಟ್ಟು, ಅಡಿಕೆ ಅಗಿದು, ಕಲ್ಲು ತೆಗೆದು, "ಗಟ್ಟಿ. ಇಷ್ಟು ಚೆನ್ನಾದ್ದು ಈ ವರ್ಷ ಬಂದಿರಲಿಲ್ಲ. ಯಾವ ಗದ್ದೆಯದು?" ಎಂದಳು.

"ಸಣ್ಣೀರಮ್ಮನದು ಅವ್ವ. ಅವಳೇ ಕೈಯಾಡಿಸಿದ್ದು."

ಮುದುಕಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಅವಳನ್ನ ಮನೆಗೆ ಕರಿ. ಮಂಡಿಗೆ ಏನೋ ಎಣ್ಣೆ ಕಾಯಿಸ್ತಾಳಂತೆ" ಎಂದಳು.

ಊರಿನವರೆಲ್ಲ ಒಪ್ಪಿದರು ಎಂದಲ್ಲ. ಒಬ್ಬ ಹಿರಿಯ, ಬಿಲಕ್ಕೆ ಜಡಿದ ಕಲ್ಲಿನಲ್ಲೇ ದೃಷ್ಟಿ ತೆಗೆಯುವ ಶಕ್ತಿ ಇರಬೇಕು ಎಂದ. ಹೊನ್ನೇಗೌಡ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ನೀವೂ ಕಾಳು ಹಾಕಿ ನೋಡಿ ಎಂದು ಎರಡು ಕುಡಿಕೆಗಳನ್ನು ಅವನ ಮುಂದಿಟ್ಟು ಗಾಣದ ಕಡೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಬೆಳಗಿನಿಂದ ಹೊತ್ತಿದ್ದ ಭಾರ ಇಳಿದಂತಾಗಿ ಅವನು ಕೈಮುಗಿದ.

"ತಿಳಿಯಿತು ಗುರುಗಳೇ. ಇನ್ನು ಮೇಲೆ ನನ್ನ ಕಣ್ಣಾರೆ ನೋಡದೆ ನಾನು ಯಾವುದನ್ನೂ ನಂಬುವುದಿಲ್ಲ."

"ಹೊನ್ನೇಗೌಡ ಮೊದಲು ನಂಬಿದ್ದೂ ಕಣ್ಣಾರೆ ನೋಡಿಯೇ ಅಲ್ಲವೇ?" ಎಂದರು ಗುರುಗಳು.

ಶಿಷ್ಯ ಮುಗಿದ ಕೈ ಇಳಿಸಿ, ಹಲ್ಲಿ ನುಡಿದೂ ಕೆಲಸ ಆದ ದಿನ, ನುಡಿಯದೆಯೂ ಕೆಟ್ಟ ದಿನ ಯಾವುವು ಎಂದು ಬೆರಳು ಮಡಿಸಿ ಎಣಿಸತೊಡಗಿದ.